10,000 ರೂಪಾಯಿಯ ಕಥೆಯೂ ನಮ್ಮ ತೋಟದ ಲೆಕ್ಕವೂ



ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮನೆಮನೆಗಳಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ಬಗೆಯದು. ಮಗನನ್ನು ಬೆಂಗಳೂರಿಗೆ ಕಳುಹಿಸಬೇಕು, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲೇ ಸೀಟು ದೊರಕಬೇಕು, ಸಿಇಟಿಯಲ್ಲಿ ದೊರಕದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಾದರೂ ಪಡೆಯಬೇಕು. ಹಣ ಸಾಲದಿದ್ದರೆ ಅರ್ಧ ಎಕರೆ ಅಡಿಕೆ ತೋಟ ಇದ್ದೇ ಇದೆ. ಈ ಮಾತು ಮುಗಿಯುವುದರೊಳಗೆ ಯಾರಾದರೊಬ್ಬರು ಇನ್ಫೋಸಿಸ್ ನಾರಾಯಣಮೂರ್ತಿಯವರ ಹೆಸರನ್ನು ಎತ್ತಿಯೇ ಎತ್ತುತ್ತಾರೆ. ಹೆಂಡತಿ ಕೊಟ್ಟ 10,000 ರೂಪಾಯಿಯಿಂದ ಸಾವಿರಾರು ಕೋಟಿಯ ಕಂಪನಿ ಕಟ್ಟಿದರಲ್ಲವೇ, ನಾವು ನಮ್ಮ ಮಗನಿಗಾಗಿ 10 ಲಕ್ಷ ಹಾಕಲು ಹಿಂಜರಿಯಬೇಕೇ ಎಂಬುದು ಅವರ ತರ್ಕ. ಶಾಲಾ ವಾರ್ಷಿಕೋತ್ಸವಗಳ ಅತಿಥಿಗಳಂತೂ ಈ ಕಥೆಯನ್ನು ಹೇಳದೆ ವೇದಿಕೆಯಿಂದ ಇಳಿದದ್ದನ್ನು ನಾವು ಕಂಡದ್ದೇ ಅಪರೂಪ.

ಕಥೆ ಸುಳ್ಳಲ್ಲ. ಆದರೆ ಅದರ ಆದಿ ಮತ್ತು ಅಂತ್ಯಗಳನ್ನು ಬಿಟ್ಟು ನಡುವಿನ ಒಂದು ವಾಕ್ಯವನ್ನು ಮಾತ್ರ ನಾವು ಕಂಠಪಾಠ ಮಾಡಿದ್ದೇವೆ. ಆ ಒಂದು ವಾಕ್ಯದ ಬಲದಿಂದ ತೋಟದ ಪಹಣಿ ಕೈ ಬದಲಾಯಿಸುವುದಾದರೆ, ಪೂರ್ಣ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು ಎಂದು ನಮಗೆ ತೋರುತ್ತದೆ.

ಎನ್. ಆರ್. ನಾರಾಯಣಮೂರ್ತಿಯವರು 1946ರ ಆಗಸ್ಟ್ 20ರಂದು ಅಂದಿನ ಕೋಲಾರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು, ಸಂಸಾರ ದೊಡ್ಡದು. ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಹುಡುಗ ಉತ್ತೀರ್ಣನಾದರೂ ಅಲ್ಲಿಗೆ ಕಳುಹಿಸುವ ಶಕ್ತಿ ತಂದೆಗಿರಲಿಲ್ಲ. ಆದ್ದರಿಂದ ಅವರು ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಸೇರಿ, 1967ರಲ್ಲಿ ವಿದ್ಯುತ್ ವಿಭಾಗದ ಪದವಿ ಪಡೆದರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ತಂದೆ ಮಗನ ಕನಸಿಗಾಗಿ ಮನೆಯ ಬುನಾದಿಯನ್ನೇ ಮಾರಲಿಲ್ಲ. ತನ್ನ ಸಂಬಳಕ್ಕೆ ಎಟುಕುವ ಕಾಲೇಜನ್ನು ತೋರಿಸಿದರು. ಮಗ ಅಲ್ಲಿಯೇ ಚೆನ್ನಾಗಿ ಓದಿ, ಮುಂದೆ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಕಾನ್ಪುರದ ಐಐಟಿಯನ್ನು ತಾನಾಗಿಯೇ ತಲುಪಿದರು. 1969ರಲ್ಲಿ ಅಲ್ಲಿಂದ ಹೊರಬಂದರು.

ಕಾನ್ಪುರದಲ್ಲಿ ನಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1968ರಲ್ಲಿ ಒಂದು ಭಾನುವಾರದ ಬೆಳಗಿನ ಉಪಾಹಾರದ ಹೊತ್ತಿನಲ್ಲಿ, ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ವಿದ್ಯಾರ್ಥಿಗಳ ಜೊತೆ ತಮ್ಮ ಶಾಸ್ತ್ರದ ಭವಿಷ್ಯವನ್ನು ಕುರಿತು ಮಾತನಾಡುತ್ತಿದ್ದರು. ಕೇಳಿಸಿಕೊಂಡ ಮೂರ್ತಿಯವರು ನೇರವಾಗಿ ಗ್ರಂಥಾಲಯಕ್ಕೆ ಹೋಗಿ ಆ ವಿಷಯದ ನಾಲ್ಕೈದು ಪ್ರಬಂಧಗಳನ್ನು ಓದಿ, ತಮ್ಮ ದಾರಿಯನ್ನು ನಿಶ್ಚಯಿಸಿಕೊಂಡರಂತೆ. ನಮ್ಮ ಮಕ್ಕಳು ಈ ವಿಭಾಗವನ್ನು ಆರಿಸಿಕೊಳ್ಳುವ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಅಲ್ಲಿ ವಿಷಯದ ಆಕರ್ಷಣೆ ಮೊದಲು ಬಂದಿತು, ಉದ್ಯೋಗ ಆಮೇಲೆ. ಇಲ್ಲಿ ಸೋದರಮಾವನ ಸಲಹೆ ಮೊದಲು ಬರುತ್ತದೆ. ವಿಷಯ ಎಂತಹುದೆಂದು ಮೂರನೆಯ ಸೆಮಿಸ್ಟರಿನಲ್ಲಿ ತಿಳಿಯುತ್ತದೆ.

ಐಐಟಿ ಎಂಬುದು ಸರ್ಕಾರದ ಹಣದಿಂದ, ಎಂದರೆ ತೆರಿಗೆ ಕೊಟ್ಟ ಜನರ ಹಣದಿಂದ ನಡೆಯುವ ಸಂಸ್ಥೆ. ಮುಂದೆ ಅವರು ಮುಖ್ಯ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿ ಸೇರಿದ ಅಹಮದಾಬಾದಿನ ಐಐಎಂ ಸಂಸ್ಥೆಯೂ ಸಾರ್ವಜನಿಕವಾದುದೇ. ಈ ಸಂಗತಿ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸಿದೆ. ಅಲ್ಲಿ ವ್ಯಾಕರಣಗಳನ್ನೂ ದರ್ಶನಗಳನ್ನೂ ಬೋಧಿಸುತ್ತಿದ್ದರು, ದೀನರಿಗೆ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ದರ್ಶನಶಾಸ್ತ್ರದ ವಿದ್ಯಾರ್ಥಿಗಳಾಗಿದ್ದ ನಮಗೆ ಆ ಶಾಸನದ ಪಟ್ಟಿ ಇಂದಿಗೂ ಅಸೂಯೆ ಹುಟ್ಟಿಸುವಂತಹದು. ಅದೆಲ್ಲ ನಡೆದದ್ದು ಅರಸರು ಮಠಕ್ಕೆ ಬಿಟ್ಟ ಭೂಮಿಯ ಉತ್ಪತ್ತಿಯಿಂದ. ಭೂಮಿ ವಿದ್ಯೆಗೆ ಸಲ್ಲುತ್ತಿದ್ದುದು ಅಂದಿಗೂ ಉಂಟು. ಆದರೆ ಅದು ವಿದ್ಯಾರ್ಥಿಯ ತಂದೆಯ ಭೂಮಿಯಾಗಿರಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಮೂರ್ತಿಯವರು ಪ್ಯಾರಿಸಿನಲ್ಲಿ, ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದ ಸರಕು ನಿರ್ವಹಣೆಗೆ ಬೇಕಾದ ತಂತ್ರಾಂಶವನ್ನು ರೂಪಿಸುವ ಕೆಲಸದಲ್ಲಿದ್ದರು. ಅಂದು ಅವರು ಎಡಪಂಥೀಯ ವಿಚಾರಗಳಿಗೆ ಒಲಿದಿದ್ದ ತರುಣ. 1974ರಲ್ಲಿ ಸಿಕ್ಕ ಸಿಕ್ಕ ವಾಹನಗಳನ್ನು ಹತ್ತಿಕೊಂಡು ಪ್ಯಾರಿಸಿನಿಂದ ಮೈಸೂರಿಗೆ ಹೊರಟರು. ಅಂದಿನ ಯುಗೋಸ್ಲಾವಿಯದ ನಿಷ್ ಎಂಬ ಊರಿನ ರೈಲು ನಿಲ್ದಾಣದಲ್ಲಿ, ಗಾಡಿಯೊಳಗೆ ಸಹಪ್ರಯಾಣಿಕಳೊಬ್ಬಳೊಡನೆ ಫ್ರೆಂಚಿನಲ್ಲಿ ಅಲ್ಲಿಯ ಜನಜೀವನದ ಕಷ್ಟಗಳನ್ನು ಮಾತನಾಡುತ್ತಿದ್ದಾಗ ಪೊಲೀಸರು ಬಂದು ಎಳೆದೊಯ್ದರು. 8 ಅಡಿ ಚೌಕದ ಕೋಣೆ, ತಣ್ಣನೆಯ ಕಲ್ಲು ನೆಲ, 72 ಗಂಟೆಗಳ ಕಾಲ ಅನ್ನ ನೀರಿಲ್ಲ. ಕೊನೆಗೆ ಸರಕು ಗಾಡಿಯ ಗಾರ್ಡಿನ ಡಬ್ಬಿಗೆ ಹತ್ತಿಸಿ, ಭಾರತ ಮಿತ್ರರಾಷ್ಟ್ರವಾದ್ದರಿಂದ ಬಿಡುತ್ತಿದ್ದೇವೆ ಎಂದು ಹೇಳಿ ಇಸ್ತಾಂಬುಲಿಗೆ ಸಾಗಿಸಿದರು. ಮಿತ್ರರನ್ನೇ ಹೀಗೆ ನಡೆಸಿಕೊಳ್ಳುವ ವ್ಯವಸ್ಥೆ ತನಗೆ ಬೇಡವೆಂದು ಆ ತರುಣ ನಿರ್ಧರಿಸಿದ. ಬಡತನ ನೀಗಬೇಕಾದರೆ ಉದ್ಯಮ ಕಟ್ಟಿ ಉದ್ಯೋಗ ಸೃಷ್ಟಿಸಬೇಕು ಎಂಬ ನಂಬಿಕೆ ಅಲ್ಲಿ ಹುಟ್ಟಿತೆಂದು ಅವರು ಹೇಳುತ್ತಾರೆ.

ಒಂದು ಠಾಣೆಯ ಪೊಲೀಸರ ನಡತೆಯಿಂದ ಇಡೀ ಆರ್ಥಿಕ ಸಿದ್ಧಾಂತವೊಂದನ್ನು ತಳ್ಳಿಹಾಕುವುದು ತರ್ಕಶಾಸ್ತ್ರದ ದೃಷ್ಟಿಯಿಂದ ಅವಸರದ ಸಾಮಾನ್ಯೀಕರಣವೇ ಸರಿ. ಅಂತಹ ಕೋಣೆಗಳು ಬಂಡವಾಳಶಾಹಿ ದೇಶಗಳಲ್ಲೂ ಇವೆ. ಆದರೆ ಮನುಷ್ಯನ ಬಾಳು ಯಾವಾಗಲೂ ತರ್ಕದ ಮೆಟ್ಟಿಲುಗಳನ್ನು ಏರಿ ನಡೆಯುವುದಿಲ್ಲ. ನಮ್ಮ ತಾಳಗುಂದದ ಶಾಸನವನ್ನೇ ನೋಡಿ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಪಲ್ಲವರ ಕುದುರೆ ಸವಾರನೊಬ್ಬನೊಡನೆ ನಡೆದ ಕಲಹದಿಂದ ಅಪಮಾನಿತನಾಗಿ ಕೈಯಲ್ಲಿ ದರ್ಭೆಯ ಬದಲು ಖಡ್ಗ ಹಿಡಿದನೆಂದು ಕವಿ ಕುಬ್ಜ ಬರೆದಿದ್ದಾನೆ. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹಾಗೆ.

ಹಿಂದಿರುಗಿದ ಮೇಲೆ ಮೂರ್ತಿಯವರು ಮೊದಲು ಕಟ್ಟಿದ ಕಂಪನಿ ಇನ್ಫೋಸಿಸ್ ಅಲ್ಲ. ಅದರ ಹೆಸರು ಸಾಫ್ಟ್ರಾನಿಕ್ಸ್. ಅದು ಸುಮಾರು ಒಂದೂವರೆ ವರ್ಷದಲ್ಲಿ ಮುಚ್ಚಿಹೋಯಿತು. ನಮ್ಮ ಭಾಷಣಕಾರರು ಈ ಹೆಸರನ್ನು ಉಚ್ಚರಿಸುವುದೇ ಇಲ್ಲ. ಕಂಪನಿ ಮುಚ್ಚಿದ ಬಳಿಕ ಅವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಸಂಬಳದ ಕೆಲಸಕ್ಕೆ ಸೇರಿದರು. ಬೇರೆಯವರ ಮನೆಯಲ್ಲಿ ದುಡಿದು, ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ಅರಿತು, ಜೊತೆಗೆ ದುಡಿಯಬಲ್ಲವರನ್ನು ಗುರುತಿಸಿಕೊಂಡ ಮೇಲೆಯೇ 1981ರ ಜುಲೈನಲ್ಲಿ ಇನ್ಫೋಸಿಸ್ ಸ್ಥಾಪನೆಯಾದದ್ದು. ಆಗ ಅವರಿಗೆ 35 ತುಂಬುತ್ತಿತ್ತು. ಜೊತೆಯಲ್ಲಿದ್ದವರು ನಂದನ್ ನಿಲೇಕಣಿ, ಎನ್. ಎಸ್. ರಾಘವನ್, ಎಸ್. ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್ ಮತ್ತು ಅಶೋಕ್ ಅರೋರಾ. ಇವರಲ್ಲಿ ನಿಲೇಕಣಿಯವರ ಮನೆತನ ನಮ್ಮ ನೆರೆಯ ಶಿರಸಿಯದು. ಅವರು ಬೆಂಗಳೂರಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ಧಾರವಾಡದ ಸೇಂಟ್ ಜೋಸೆಫ್ ಶಾಲೆಯಲ್ಲಿ ಕಳೆದವರು.

ಇನ್ನು ಆ 10,000 ರೂಪಾಯಿ. ಅದನ್ನು ಕೊಟ್ಟ ಸುಧಾ ಮೂರ್ತಿಯವರು ಹುಟ್ಟಿದ್ದು 1950ರಲ್ಲಿ ಶಿಗ್ಗಾಂವಿಯಲ್ಲಿ. ಸೊರಬದವರಿಗೆ ಅದು ದೂರದ ಊರಲ್ಲ. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ತಮ್ಮ ತರಗತಿಯ ಏಕಮಾತ್ರ ವಿದ್ಯಾರ್ಥಿನಿಯಾಗಿ ಓದಿದರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲವೆಂದು ಇದ್ದುದನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದು, ಆ ಕಂಪನಿಯ ಮೊದಲ ಮಹಿಳಾ ಎಂಜಿನಿಯರ್ ಆದರು. ಕಷ್ಟಕಾಲಕ್ಕೆಂದು ಅವರು ಕೂಡಿಟ್ಟಿದ್ದುದು 10,250 ರೂಪಾಯಿ. ಅದರಲ್ಲಿ 250ನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೊಟ್ಟರು. ಹೀಗೆ ಆ ಹಣ ದುಡಿಯುವ ಎಂಜಿನಿಯರ್ ಒಬ್ಬಾಕೆಯ ಸಂಬಳದಿಂದ ಉಳಿದದ್ದು. ಗಂಡನ ಸಾಹಸ ಕೈಕೊಟ್ಟರೂ ಮನೆಗೆ ಇನ್ನೊಂದು ಆಧಾರವಿತ್ತು. ಸ್ವತಃ ಅರ್ಹರಾಗಿದ್ದರೂ ಸುಧಾ ಅವರು ಕಂಪನಿಗೆ ಸೇರಲಿಲ್ಲ. ಗಂಡಹೆಂಡಿರಿಬ್ಬರೂ ಒಂದೇ ಸಂಸ್ಥೆಯಲ್ಲಿರಬಾರದೆಂದು ಮೂರ್ತಿಯವರು ಪಟ್ಟುಹಿಡಿದಿದ್ದರು. ಅದು ತಪ್ಪು ಆದರ್ಶವಾಗಿತ್ತೆಂದು 2024ರಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಕಂಪ್ಯೂಟರ್ ಕಂಪನಿ ಹುಟ್ಟಿದಾಗ ಅದರ ಬಳಿ ಕಂಪ್ಯೂಟರೇ ಇರಲಿಲ್ಲ. ವಿದೇಶದಿಂದ ಯಂತ್ರ ತರಿಸಲು ಪರವಾನಗಿ ಬೇಕು, ಪರವಾನಗಿಗಾಗಿ ದೆಹಲಿಗೆ ಮತ್ತೆ ಮತ್ತೆ ಹೋಗಬೇಕು. ದೂರವಾಣಿ ಸಂಪರ್ಕಕ್ಕೂ ವರ್ಷಗಟ್ಟಲೆ ಕಾಯಬೇಕು. ಸಂಗಡಿಗರು ಅಮೆರಿಕದ ಗ್ರಾಹಕರ ಕಚೇರಿಯಲ್ಲಿ ಕುಳಿತು ಕೆಲಸ ಮಾಡಿ ಹಣ ಕಳುಹಿಸುತ್ತಿದ್ದರು. 1983ರಲ್ಲಿ ಮೈಕೊ ಕಂಪನಿಯ ಕೆಲಸ ದೊರೆತಾಗ ಸಂಸ್ಥೆ ಬೆಂಗಳೂರಿಗೆ ಬಂದಿತು. ಹೀಗೆ 9 ವರ್ಷ ಕಳೆದರೂ ಹೇಳಿಕೊಳ್ಳುವಂತಹ ಸಂಪತ್ತೇನೂ ಕೂಡಿರಲಿಲ್ಲ. ಸ್ಥಾಪಕರಲ್ಲೊಬ್ಬರಾದ ಅರೋರಾ ಅವರು ಹೊರನಡೆದಿದ್ದರು.

1990ರ ಚಳಿಗಾಲದ ಸಭೆಯೇ ಈ ವೃತ್ತಾಂತದ ಹೃದಯಭಾಗವೆಂದು ನಮ್ಮ ಭಾವನೆ. ಬೆಂಗಳೂರಿನ ಪುಟ್ಟ ಕಚೇರಿಯಲ್ಲಿ ಸ್ಥಾಪಕರಲ್ಲಿ 5 ಮಂದಿ ಸೇರಿದ್ದರು. ಕಂಪನಿಯನ್ನು 10 ಲಕ್ಷ ಡಾಲರಿಗೆ ಕೊಳ್ಳುವವರು ಮುಂದೆ ಬಂದಿದ್ದರು; ಮಾರಿಬಿಡುವುದೇ ಲೇಸೆಂದು ಕಿರಿಯರಿಗೆ ತೋರಿತ್ತು. ಅವರ ಮಾತನ್ನೆಲ್ಲ ಮೌನವಾಗಿ ಕೇಳಿದ ಮೂರ್ತಿಯವರು ಕಡೆಯಲ್ಲಿ, ನೀವೆಲ್ಲ ಮಾರುವುದಾದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರು. ಕೈಯಲ್ಲಿ ಕಾಸಿರಲಿಲ್ಲ. ಸುಮಾರು ಒಂದು ಗಂಟೆಯ ಚರ್ಚೆಯ ನಂತರ ಎಲ್ಲರೂ ಉಳಿಯಲು ಒಪ್ಪಿದರು. ಅದೇ 1990ರ ಅಕ್ಟೋಬರಿನಲ್ಲಿ ಸೊರಬದ ಕುಬಟೂರಿನ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾಗಿದ್ದರು. ನಮ್ಮ ತಾಲ್ಲೂಕಿನವರೇ ವಿಧಾನಸೌಧದ ಗದ್ದುಗೆ ಏರಿದ ಸಂಭ್ರಮದಲ್ಲಿದ್ದ ನಮಗೆ, ಅದೇ ನಗರದಲ್ಲಿ ನಾಲ್ಕೈದು ಎಂಜಿನಿಯರುಗಳು ತಮ್ಮ ಕಂಪನಿಯನ್ನು ಮಾರಬೇಕೇ ಬೇಡವೇ ಎಂದು ಚಿಂತಿಸುತ್ತಿರುವುದು ಹೇಗೆ ತಿಳಿಯಬೇಕು?

ಮರುವರ್ಷ, 1991ರಲ್ಲಿ, ದೇಶದ ಆರ್ಥಿಕ ನೀತಿ ಬದಲಾಯಿತು. ಯಂತ್ರ ತರಿಸಲು, ವಿದೇಶಕ್ಕೆ ಹೋಗಲು, ಅಲ್ಲಿ ಕಚೇರಿ ತೆರೆಯಲು ಇದ್ದ ಅಡೆತಡೆಗಳು ಸಡಿಲಗೊಂಡವು. ಇದು ಮೂರ್ತಿಯವರ ಪ್ರತಿಭೆಯ ಫಲವಲ್ಲ, ಕಾಲದ ಕೊಡುಗೆ. ಆದರೆ ಕೊಡುಗೆ ಬಂದಾಗ ಅಂಗಡಿ ತೆರೆದಿತ್ತು ಎಂಬುದೇ ಇಲ್ಲಿ ಗಮನಾರ್ಹ. 1993ರಲ್ಲಿ 95 ರೂಪಾಯಿಗೊಂದರಂತೆ ಷೇರು ಬಿಡುಗಡೆ ಮಾಡಿದಾಗ ಜನ ಕೊಳ್ಳಲು ಮುಂದೆ ಬರಲಿಲ್ಲ; ಮಾರ್ಗನ್ ಸ್ಟಾನ್ಲಿ ಎಂಬ ಅಮೆರಿಕದ ಸಂಸ್ಥೆ ಕೈಹಿಡಿಯಿತು. 1995ರಲ್ಲಿ ಆದಾಯದ ಕಾಲುಭಾಗದಷ್ಟನ್ನು ಕೊಡುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ ದರ ಇಳಿಸುವಂತೆ ಒತ್ತಾಯಿಸಿದಾಗ, ಆ ಗ್ರಾಹಕನನ್ನೇ ಬಿಟ್ಟುಕೊಟ್ಟರು. 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ಭಾರತದಲ್ಲಿ ನೋಂದಾಯಿತವಾದ ಕಂಪನಿಗಳ ಪೈಕಿ ಮೊದಲನೆಯದಾಗಿ ಹೆಸರು ಮೂಡಿಸಿದರು. ನೌಕರರಿಗೂ ಷೇರು ಹಂಚುವ ಪದ್ಧತಿಯಿಂದ ಸಾಧಾರಣ ಮನೆಗಳ ಎಷ್ಟೋ ಮಂದಿ ಉಳ್ಳವರಾದರು.

ಮುಂದಿನದು ಎಲ್ಲರೂ ಬಲ್ಲ ಸಂಗತಿ; ಅದರಲ್ಲಿ ಸಿಹಿಯೂ ಇದೆ, ಕಹಿಯೂ ಇದೆ. 2002ರಲ್ಲಿ ಅವರು ಮುಖ್ಯ ನಿರ್ವಾಹಕ ಹುದ್ದೆಯನ್ನು ನಿಲೇಕಣಿಯವರಿಗೆ ವಹಿಸಿದರು, 2011ರಲ್ಲಿ ನಿವೃತ್ತರಾದರು. 2013ರಲ್ಲಿ ಮರಳಿ ಬಂದಾಗ ಮಗನನ್ನೂ ತಮ್ಮ ಕಚೇರಿಗೆ ಕರೆತಂದರು. ಸ್ಥಾಪಕರ ಮಕ್ಕಳು ಕಂಪನಿಗೆ ಬರಬಾರದೆಂದು ತಾವೇ ಸಾರಿದ್ದವರು ಹೀಗೆ ಮಾಡಿದ್ದು ಹಲವರ ಮನಸ್ಸಿಗೆ ಹಿಡಿಸಲಿಲ್ಲ; ನಮಗೂ ಹಿಡಿಸಲಿಲ್ಲ. 2014ರಲ್ಲಿ ಇಬ್ಬರೂ ಹೊರಬಂದರು. ಬಳಿಕ ಬಂದ ಮುಖ್ಯಸ್ಥ ವಿಶಾಲ್ ಸಿಕ್ಕಾ ಅವರು ಮೂರ್ತಿಯವರ ಬಹಿರಂಗ ಆಕ್ಷೇಪಗಳ ನಡುವೆ 2017ರಲ್ಲಿ ರಾಜೀನಾಮೆ ಕೊಟ್ಟರು. ಕಟ್ಟಿದವನಿಗೆ ಬಿಡುವುದು ಕಟ್ಟುವುದಕ್ಕಿಂತ ಕಷ್ಟವೆಂಬುದಕ್ಕೆ ಸಾಫ್ಟ್‌ವೇರ್ ಕಂಪನಿಯೇ ಬೇಕಿಲ್ಲ, ನಮ್ಮ ಮನೆತನಗಳ ಹಿರಿಯರೂ ಸಾಕ್ಷಿ.

2011ರ ಮಾರ್ಚಿನಲ್ಲಿ ಬೆಳಗಾವಿಯ ವಿಶ್ವ ಕನ್ನಡ ಸಮ್ಮೇಳನವನ್ನು ಮೂರ್ತಿಯವರು ಉದ್ಘಾಟಿಸಿದ್ದೂ ವಾಚಕರ ನೆನಪಿನಲ್ಲಿರಬಹುದು. ಅಂದು ಮುಖ್ಯಮಂತ್ರಿಗಳಾಗಿದ್ದವರು ಶಿಕಾರಿಪುರದ ಶಾಸಕರಾದ ಬಿ. ಎಸ್. ಯಡಿಯೂರಪ್ಪನವರು. ಪ್ರಾಥಮಿಕ ಶಿಕ್ಷಣದಲ್ಲಿ ಇಂಗ್ಲಿಷಿನ ಪರ ವಹಿಸಿದ ಉದ್ಯಮಿಯನ್ನು ಕನ್ನಡದ ವೇದಿಕೆಗೆ ಕರೆಯಬಹುದೇ ಎಂದು ಸಾಹಿತಿಗಳು ಪ್ರತಿಭಟಿಸಿದ್ದರು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಅವರನ್ನು ಆಕ್ಷೇಪಿಸಿದ ಮನೆಗಳ ಮಕ್ಕಳೂ ಇಂಗ್ಲಿಷ್ ಶಾಲೆಯ ಬಸ್ಸನ್ನೇ ಏರುತ್ತಿದ್ದರೆ ಆ ಹುರುಳು ಎಷ್ಟು ದಿನ ಉಳಿದೀತು?

ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಅವರಾಡಿದ ಮಾತು ಇನ್ನೂ ತಣ್ಣಗಾಗಿಲ್ಲ. ನಾವು ಬಿಡುವಿಲ್ಲದಂತೆ ದುಡಿಯುವುದು ಬಿಡುವನ್ನು ಪಡೆಯುವುದಕ್ಕಾಗಿ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಆ ಬಿಡುವಿನಲ್ಲಿ ಮನುಷ್ಯ ತನ್ನ ಅತ್ಯುತ್ತಮ ಶಕ್ತಿಯನ್ನು ಕಾಣುತ್ತಾನೆಂಬುದು ಅವನ ಮತ. ಸ್ವಂತ ಕಂಪನಿಗಾಗಿ 70 ಗಂಟೆ ದುಡಿಯುವ ಪಾಲುದಾರ ಮತ್ತು ತಿಂಗಳ ಸಂಬಳಕ್ಕಾಗಿ ಅಷ್ಟೇ ಗಂಟೆ ದುಡಿಯುವ ನೌಕರ, ಇವರಿಬ್ಬರ ದುಡಿಮೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೊರಗೆ 70 ಗಂಟೆ ದುಡಿಯುವವನ ಮನೆಯಲ್ಲಿ ಅನ್ನ ಬೇಯಿಸಿ, ಮಕ್ಕಳನ್ನು ಸಾಕಿ, ವೃದ್ಧರನ್ನು ನೋಡಿಕೊಳ್ಳುವ ಗಂಟೆಗಳನ್ನು ಯಾರ ಲೆಕ್ಕಕ್ಕೆ ಬರೆಯುವುದು? ನಾಟಿಯ ಹೊತ್ತಿನಲ್ಲಿ ಗದ್ದೆಯ ಕೆಸರಿನಲ್ಲಿ ನಿಲ್ಲುವ ನಮ್ಮ ಹೆಣ್ಣುಮಕ್ಕಳು ಗಂಟೆ ಎಣಿಸಿದರೆ 70ಕ್ಕೆ ನಿಲ್ಲಲಾರದು.

ಈಗ ತೋಟದ ಮಾತಿಗೆ ಬರೋಣ. ಮೂರ್ತಿಯವರು ಪ್ರವೇಶಿಸಿದ ಕ್ಷೇತ್ರದಲ್ಲಿ ಅಂದು ಓದಿದವರು ಬೆರಳೆಣಿಕೆಯಷ್ಟು. ಇಂದು ಪ್ರತಿ ಜಿಲ್ಲೆಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಶಿವಮೊಗ್ಗದಲ್ಲಿ 1980ರಿಂದಲೇ ಜವಾಹರಲಾಲ್ ನೆಹರು ಕಾಲೇಜಿದೆ, ನೆರೆಯ ಹಾವೇರಿಯಲ್ಲಿ ಸರ್ಕಾರಿ ಕಾಲೇಜಿದೆ. ದೊಡ್ಡ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ವಾರ್ಷಿಕ ಸಂಬಳ ಬಹುಕಾಲದಿಂದ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬೆಂಗಳೂರಿನ ಬಾಡಿಗೆ ನಿಂತಿಲ್ಲ. ಇನ್ಫೋಸಿಸ್ಸಿನ ನೌಕರರ ಸಂಖ್ಯೆ 2023-24ರ ಒಂದೇ ವರ್ಷದಲ್ಲಿ ಸುಮಾರು 26,000 ಕಡಿಮೆಯಾಗಿ 3.17 ಲಕ್ಷಕ್ಕೆ ಇಳಿಯಿತು. 2025ರ ಫೆಬ್ರವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ಮಂದಿಯನ್ನು, ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣದಿಂದ ಮನೆಗೆ ಕಳುಹಿಸಲಾಯಿತು. ಅವರಲ್ಲಿ ನೇಮಕದ ಪತ್ರ ಹಿಡಿದು ಎರಡು ವರ್ಷಕ್ಕೂ ಮಿಗಿಲಾಗಿ ಕಾದಿದ್ದವರು ಇದ್ದರು. ಪ್ರೋಗ್ರಾಮ್ ಬರೆಯುವ ಆರಂಭಿಕ ಕೆಲಸವನ್ನು ಯಂತ್ರವೇ ಮಾಡತೊಡಗಿರುವ ಈ ದಿನಗಳಲ್ಲಿ, ನಾಲ್ಕು ವರ್ಷದ ಅನಂತರ ಬೇಡಿಕೆ ಎಷ್ಟಿರುವುದೆಂದು ಹೇಳುವ ಧೈರ್ಯ ಕಂಪನಿಯವರಿಗೂ ಇಲ್ಲ.

ಮಕ್ಕಳು ಓದುವುದು ಬೇಡವೆಂದು ನಾವು ಹೇಳುತ್ತಿಲ್ಲ, ಬೆಂಗಳೂರಿಗೆ ಹೋಗುವುದು ಬೇಡವೆಂದೂ ಹೇಳುತ್ತಿಲ್ಲ. ಆದರೆ ಅಡಿಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮಾರಿದ ತೋಟ ಮರಳಿ ಬಾರದು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಖಾತರಿ ನಿಧಿಯ ಯೋಜನೆಯಡಿ 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡವಿಡಬೇಕಾಗಿಲ್ಲ. ಮರುಪಾವತಿ ಆರಂಭವಾಗುವುದು ಸಾಮಾನ್ಯವಾಗಿ ವ್ಯಾಸಂಗ ಮುಗಿದು ಒಂದು ವರ್ಷದ ಮೇಲೆ. ಅರ್ಜಿ ಸಲ್ಲಿಸಲು ವಿದ್ಯಾಲಕ್ಷ್ಮಿ ಎಂಬ ವ್ಯವಸ್ಥೆ ಇದೆ. ಇವನ್ನೆಲ್ಲ ವಿಚಾರಿಸದೆ ತೋಟಕ್ಕೆ ಗಿರಾಕಿ ಹುಡುಕುವುದು ಏಕೆ? ಕಾಲೇಜನ್ನು ನೋಡಲು ಹೋದಾಗ ಹೊಸ ಕಟ್ಟಡದ ಗಾಜಿಗೆ ಮರುಳಾಗದೆ, ಕಳೆದ ಮೂರು ವರ್ಷಗಳಲ್ಲಿ ಆ ವಿಭಾಗದಿಂದ ತೇರ್ಗಡೆಯಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಬೋಧಕರಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿದವರೆಷ್ಟು ಎಂದು ಕೇಳಿರಿ. ಉತ್ತರ ಹೇಳಲು ತಡವರಿಸುವ ಕಚೇರಿಯಿಂದ ಎದ್ದು ಬರುವುದರಲ್ಲಿ ಅಗೌರವವೇನೂ ಇಲ್ಲ.

ಇನ್ನೊಂದು ಮಾತು. ಮಗನ ಸೀಟಿಗಾಗಿ ತೋಟ ಮಾರಲು ಸಿದ್ಧವಾಗುವ ಮನೆಗಳಲ್ಲೇ ಅವನಿಗಿಂತ ಹೆಚ್ಚು ಅಂಕ ಗಳಿಸಿದ ಮಗಳನ್ನು ಹತ್ತಿರವಿದೆಯೆಂಬ ಕಾರಣಕ್ಕೆ ಊರಿನ ಪದವಿ ಕಾಲೇಜಿಗೆ ಸೇರಿಸುವುದನ್ನು ನಾವು ಕಾಣುತ್ತಿದ್ದೇವೆ. ಶಿಗ್ಗಾಂವಿಯ ಮಗಳನ್ನು ಆಕೆಯ ಮನೆಯವರು ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಎಂಜಿನಿಯರಿಂಗ್ ಓದಿಸಿದ್ದರು. ಬ್ಯಾಂಕಿಗೆ ಹೋಗುವಾಗ ಮಗಳ ಅಂಕಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಒಂದೇ ಮನೆಯ ಇಬ್ಬರು ಮಕ್ಕಳು ಪ್ರತ್ಯೇಕವಾಗಿ ಸಾಲಕ್ಕೆ ಅರ್ಜಿ ಹಾಕಲು ಅವಕಾಶವಿದೆ.